ಹದಿಮೂರಕ್ಕೆ ಹದಿಮೂರೂ ಸೋಲು: ವೆಸ್ಟ್ ಪಾಯಿಂಟ್ ಫುಟ್‌ಬಾಲ್ ತಂಡದ 2003ರ ಕಥೆ



ಅಕ್ಟೋಬರ್ ಬಂತೆಂದರೆ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯ ನಮ್ಮವರೆಲ್ಲ ಎಲೆಗಳು ಬಣ್ಣ ಬದಲಿಸುವುದನ್ನು ನೋಡಲು ಹಡ್ಸನ್ ನದಿಯ ದಡ ಹಿಡಿದು ಉತ್ತರಕ್ಕೆ ಹೊರಡುವುದು ವಾಡಿಕೆ. ಡಿಕ್ಕಿಯಲ್ಲಿ ಪುಳಿಯೋಗರೆ, ಮೊಸರನ್ನದ ಡಬ್ಬಿ, ಹಿಂದಿನ ಸೀಟಿನಲ್ಲಿ ಊರಿಂದ ಬಂದ ಅಪ್ಪ ಅಮ್ಮ. ಬೇರ್ ಮೌಂಟನ್ ದಾಟಿ ಇನ್ನೂ ಸ್ವಲ್ಪ ಮುಂದೆ ಹೋದರೆ ನದಿ ತಿರುವು ತೆಗೆದುಕೊಳ್ಳುವ ಜಾಗದಲ್ಲಿ, ಗುಡ್ಡದ ಮೇಲೆ, ಬೂದು ಬಣ್ಣದ ಕಲ್ಲಿನ ಕಟ್ಟಡಗಳು ಕಾಣುತ್ತವೆ. ಅದೇ ವೆಸ್ಟ್ ಪಾಯಿಂಟ್. ಅಮೆರಿಕದ ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರಿಸುವ ಮಿಲಿಟರಿ ಅಕಾಡೆಮಿ. 1802ರಿಂದ ಅಲ್ಲೇ ಇದೆ. ಗ್ರಾಂಟ್, ಲೀ, ಐಸೆನ್‌ಹೋವರ್, ಮೆಕಾರ್ಥರ್, ಎಲ್ಲರೂ ಅಲ್ಲಿಯೇ ಓದಿದವರು.

ಅಲ್ಲೇ ಮೇಲೆ, ಒಂದು ಕೆರೆಯ ಪಕ್ಕದಲ್ಲಿ, ಮಿಕಿ ಸ್ಟೇಡಿಯಂ ಇದೆ. 1924ರಲ್ಲಿ ಶುರುವಾದದ್ದು. ಅಮೆರಿಕದಲ್ಲಿ ಫುಟ್‌ಬಾಲ್ ನೋಡಲು ಇದಕ್ಕಿಂತ ಚೆಂದದ ಜಾಗ ಇನ್ನೊಂದಿಲ್ಲ ಅನ್ನುವವರು ಬಹಳ ಮಂದಿ. ನಾನಂತೂ ಒಪ್ಪುತ್ತೇನೆ. ಆದರೆ ಇವತ್ತು ಬರೆಯಲು ಹೊರಟಿರುವುದು ಚೆಂದದ ವಿಷಯವಲ್ಲ. 2003ರಲ್ಲಿ ಈ ಅಕಾಡೆಮಿಯ ಫುಟ್‌ಬಾಲ್ ತಂಡ ಹದಿಮೂರು ಪಂದ್ಯ ಆಡಿತು, ಹದಿಮೂರನ್ನೂ ಸೋತಿತು. ಅಮೆರಿಕದ ಕಾಲೇಜು ಫುಟ್‌ಬಾಲಿನ ಮೇಲ್ದರ್ಜೆಯಲ್ಲಿ ಒಂದೇ ಸೀಸನ್ನಿನಲ್ಲಿ ಒಂದೂ ಗೆಲುವಿಲ್ಲದೆ ಹದಿಮೂರು ಸೋಲು ಕಂಡ ಮೊದಲ ತಂಡ ಅದು. ಗೆಲ್ಲುವುದನ್ನು ಕಲಿಸುವುದಕ್ಕೇ ಇರುವ ಶಾಲೆಗೆ ಇಂಥ ದಾಖಲೆ!

ಸೋಲು ನಮಗೇನೂ ಹೊಸದಲ್ಲ ಬಿಡಿ. 2008ರಿಂದ ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅಂತ ಹೇಳಿಕೊಂಡು 2025ರವರೆಗೆ ಕಾದವರು ನಾವು. ಆದರೆ ಆರ್‌ಸಿಬಿ ಸೋತಾಗ ಸೋತವರು ಕೋಟಿಗಟ್ಟಲೆ ಸಂಬಳದ ಆಟಗಾರರು. ವೆಸ್ಟ್ ಪಾಯಿಂಟಿನಲ್ಲಿ ಸೋತವರು ಹದಿನೆಂಟರಿಂದ ಇಪ್ಪತ್ತೆರಡರ ಹುಡುಗರು, ಮತ್ತು ಆ ವರ್ಷ ಮಾರ್ಚಿನಲ್ಲಿ ಇರಾಕ್ ಯುದ್ಧ ಶುರುವಾಗಿತ್ತು. ಓದು ಮುಗಿದ ಮೇಲೆ ಅವರು ಎಲ್ಲಿಗೆ ಹೋಗಬೇಕಾಗಬಹುದು ಎಂಬುದು ಸ್ಟೇಡಿಯಂನಲ್ಲಿ ಕೂತ ಪ್ರತಿಯೊಬ್ಬ ತಂದೆ ತಾಯಿಗೂ ಗೊತ್ತಿತ್ತು.

ಈ ದೇಶಕ್ಕೆ ಹೊಸದಾಗಿ ಬಂದವರಿಗಾಗಿ ಆಟದ ಬಗ್ಗೆ ನಾಲ್ಕು ಮಾತು. ಹೆಸರು ಫುಟ್‌ಬಾಲ್ ಆದರೂ ಇಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಚೆಂಡು ಇರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಮುಂದೆ ಸಾಗಲು ಎರಡೇ ದಾರಿ: ಚೆಂಡನ್ನು ಅವುಚಿಕೊಂಡು ಓಡುವುದು, ಅಥವಾ ದೂರಕ್ಕೆ ಎಸೆದು ನಿಮ್ಮವನೊಬ್ಬ ಹಿಡಿಯುವುದು. ಯಾವುದನ್ನು ಮಾಡಬೇಕಾದರೂ ಎದುರಿಗೆ ಗೋಡೆಯಂತೆ ನಿಂತ ದೈತ್ಯರನ್ನು ತಡೆದು ನಿಲ್ಲಿಸಲು ನಿಮ್ಮ ಕಡೆಯೂ ದೈತ್ಯರು ಬೇಕು. ಮುನ್ನೂರು ಪೌಂಡಿನ, ಅಂದರೆ ನೂರಮೂವತ್ತೈದು ಕೆಜಿಯ ಆಸಾಮಿಗಳು.

ವೆಸ್ಟ್ ಪಾಯಿಂಟಿನ ತೊಂದರೆ ಶುರುವಾಗುವುದೇ ಇಲ್ಲಿಂದ. ಸೈನ್ಯದಲ್ಲಿ ಎತ್ತರಕ್ಕೆ ತಕ್ಕ ತೂಕ ಇರಬೇಕೆಂಬ ನಿಯಮವಿದೆ. ದೊಡ್ಡ ಆಳುಗಳು ಆಡುವಷ್ಟು ದಿನ ತಿಂದು ಮೈ ಬೆಳೆಸಬೇಕು, ಆಟ ಮುಗಿದ ಮೇಲೆ ಪದವಿಯ ಹೊತ್ತಿಗೆ ಅದನ್ನೆಲ್ಲ ಕರಗಿಸಬೇಕು. ಪ್ರವೇಶ ಸುಲಭವಲ್ಲ, ಸಾಮಾನ್ಯವಾಗಿ ಕಾಂಗ್ರೆಸ್ ಸದಸ್ಯರೊಬ್ಬರ ನಾಮನಿರ್ದೇಶನ ಬೇಕು. ಸೇರಿದ ಮೇಲೆ ಆಟಗಾರನೆಂದು ಓದಿನಲ್ಲಿ ರಿಯಾಯಿತಿಯಿಲ್ಲ. ಗಣಿತ, ಎಂಜಿನಿಯರಿಂಗ್ ಎಲ್ಲರಿಗೂ ಇದೆ. ಬೇರೆ ಕಾಲೇಜುಗಳಲ್ಲಿ ಆಟಗಾರನನ್ನು ಒಂದು ವರ್ಷ ಕೂರಿಸಿ, ಮೈಗೂಡಿಸಿ, ಐದನೇ ವರ್ಷದಲ್ಲಿ ಆಡಿಸುವ ಪದ್ಧತಿಯಿದೆ. ಇಲ್ಲಿ ನಾಲ್ಕು ವರ್ಷಕ್ಕೆ ಪದವಿ, ಅಷ್ಟೇ. ಬೇಸಿಗೆಯಲ್ಲಿ ಬೇರೆ ಹುಡುಗರು ಜಿಮ್ಮಿನಲ್ಲಿ ಭಾರ ಎತ್ತುತ್ತಿದ್ದರೆ ಇವರು ಕಾಡಿನಲ್ಲಿ ಮಿಲಿಟರಿ ತರಬೇತಿ. ಎಲ್ಲಕ್ಕಿಂತ ಮಿಗಿಲಾಗಿ, ಓದು ಮುಗಿದ ಮೇಲೆ ಕನಿಷ್ಠ ಐದು ವರ್ಷ ಸೈನ್ಯದಲ್ಲಿ ಸೇವೆ. ಮುಂದೆ ವೃತ್ತಿಪರ ಲೀಗಿಗೆ ಹೋಗಿ ಲಕ್ಷಾಂತರ ಡಾಲರ್ ದುಡಿಯುವ ಕನಸಿರುವ ಹುಡುಗ ಇಲ್ಲಿಗೆ ಯಾಕೆ ಬಂದಾನು?

ಹಾಗಿದ್ದರೂ ಒಂದು ಕಾಲಕ್ಕೆ ಈ ತಂಡಕ್ಕೆ ಇಡೀ ದೇಶವೇ ಹೆದರುತ್ತಿತ್ತು ಅನ್ನುವುದನ್ನು ನೆನಪಿಡಬೇಕು. ಕಥೆ ಶುರುವಾದದ್ದು 1890ರಲ್ಲಿ. ಡೆನಿಸ್ ಮಿಕಿ ಎಂಬ ಕೆಡೆಟ್ ತನ್ನ ಸಹಪಾಠಿಗಳನ್ನು ಕೂಡಿಸಿ ನೇವಲ್ ಅಕಾಡೆಮಿಯ ಜೊತೆ ಮೊದಲ ಪಂದ್ಯ ಆಡಿಸಿದ. 24-0ರಲ್ಲಿ ಸೋತರು. ಎಂಟು ವರ್ಷದ ಮೇಲೆ, 1898ರಲ್ಲಿ, ಅದೇ ಮಿಕಿ ಕ್ಯೂಬಾದ ಯುದ್ಧದಲ್ಲಿ ಸತ್ತ. ಸ್ಟೇಡಿಯಂಗೆ ಇರುವುದು ಅವನ ಹೆಸರೇ. ಐಸೆನ್‌ಹೋವರ್ 1912ರಲ್ಲಿ ಈ ತಂಡದಲ್ಲಿ ಆಡುತ್ತಿದ್ದಾಗ ಮೊಣಕಾಲು ಮುರಿದುಕೊಂಡು ಆಟ ಬಿಡಬೇಕಾಯಿತು. ಒಮರ್ ಬ್ರಾಡ್ಲಿ 1914ರ ಅಜೇಯ ತಂಡದಲ್ಲಿದ್ದವರು. ಸೈನ್ಯ ಮತ್ತು ಆಟ ಎರಡೂ ಒಂದೇ ಮನೆಯಲ್ಲಿ ಬೆಳೆಯುವುದು ನಮ್ಮ ಕೊಡಗಿನ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹಾಕಿ, ಇಲ್ಲಿ ಫುಟ್‌ಬಾಲ್.

ಸುವರ್ಣಯುಗ ಎಂದರೆ ಎರಡನೇ ಮಹಾಯುದ್ಧದ ಕಾಲ. ಅರ್ಲ್ ಬ್ಲೇಕ್ ಎಂಬ ಕೋಚ್ ಕೈಕೆಳಗೆ 1944ರಿಂದ 1946ರವರೆಗೆ ಮೂರು ವರ್ಷ ತಂಡ ಒಂದೂ ಪಂದ್ಯ ಸೋಲಲಿಲ್ಲ. ಇಪ್ಪತ್ತೇಳು ಗೆಲುವು, ಒಂದು ಸಮ. ಡಾಕ್ ಬ್ಲಾಂಚರ್ಡ್‌ಗೆ 1945ರ ಹೈಸ್‌ಮನ್ ಪ್ರಶಸ್ತಿ, ಗ್ಲೆನ್ ಡೇವಿಸ್‌ಗೆ 1946ರದ್ದು. ಆಮೇಲೆ 1958ರಲ್ಲಿ ಪೀಟ್ ಡಾಕಿನ್ಸ್‌ಗೂ ಬಂತು. ಯುದ್ಧಕಾಲದಲ್ಲಿ ಬೇರೆ ಕಾಲೇಜುಗಳ ಗಟ್ಟಿ ಹುಡುಗರೆಲ್ಲ ಸೈನ್ಯಕ್ಕೆ ಹೋಗಿದ್ದರು, ಅಕಾಡೆಮಿಗೆ ಮಾತ್ರ ಒಳ್ಳೆಯ ಆಟಗಾರರು ಸಿಗುತ್ತಿದ್ದರು ಅನ್ನುವುದೂ ಇದರ ಹಿಂದಿನ ಒಂದು ಗುಟ್ಟು. ವೃತ್ತಿಪರ ಆಟದಲ್ಲಿ ದುಡ್ಡು ಹೆಚ್ಚಿದಂತೆ ಈ ಅನುಕೂಲ ತಿರುಗುಮುರುಗಾಯಿತು.

ಕೆಟ್ಟ ದಿನಗಳೂ ಇದ್ದವು. 1951ರಲ್ಲಿ ಪರೀಕ್ಷೆಯ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ದಾಟಿಸಿದರೆಂಬ ಕಾರಣಕ್ಕೆ ಸುಮಾರು 90 ಕೆಡೆಟ್‌ಗಳು ಅಕಾಡೆಮಿ ಬಿಡಬೇಕಾಯಿತು. ಅವರಲ್ಲಿ ಅನೇಕರು ಫುಟ್‌ಬಾಲ್ ತಂಡದವರು, ಕೋಚ್ ಬ್ಲೇಕ್ ಅವರ ಸ್ವಂತ ಮಗನೂ ಸೇರಿ. ಆ ವರ್ಷ ಒಂಬತ್ತರಲ್ಲಿ ಎರಡೇ ಗೆಲುವು. 1973ರಲ್ಲಿ ವಿಯೆಟ್ನಾಂ ಯುದ್ಧದಿಂದ ಸೈನ್ಯದ ಮಾನವೇ ನೆಲಕಚ್ಚಿದ್ದಾಗ ಹತ್ತಕ್ಕೆ ಹತ್ತೂ ಸೋಲು. ಕೊನೆಯ ಪಂದ್ಯದಲ್ಲಿ ನೇವಿ 51-0. ಅದಕ್ಕಿಂತ ಕೆಳಗೆ ಹೋಗಲು ಸಾಧ್ಯವಿಲ್ಲ ಅಂದುಕೊಂಡಿದ್ದರೇನೋ!

ಈಗ 2003ಕ್ಕೆ ಬರೋಣ. ಅದಕ್ಕೂ ಮೊದಲು ಒಂದಿಷ್ಟು ಹಿನ್ನೆಲೆ ಬೇಕು, ಯಾಕೆಂದರೆ ಈ ಸೋಲು ಒಂದೇ ದಿನದಲ್ಲಿ ಬಿದ್ದ ಮಳೆಯಲ್ಲ.

1996ರಲ್ಲಿ ಬಾಬ್ ಸಟನ್ ಎಂಬ ಕೋಚ್ ಇದ್ದಾಗ ಇದೇ ತಂಡ ಹತ್ತು ಗೆದ್ದು ಎರಡೇ ಸೋತಿತ್ತು. ಅವರ ಆಟದ ಹೆಸರು ಆಪ್ಷನ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಕಥೆಯ ಗಂಟು ಇಲ್ಲೇ ಇದೆ. ಚೆಂಡು ಕೈಗೆ ಬಂದ ಕ್ವಾರ್ಟರ್‌ಬ್ಯಾಕ್‌ಗೆ ಮೂರು ದಾರಿ. ನಡುವೆ ನುಗ್ಗುವ ಗಟ್ಟಿ ಆಳಿನ ಹೊಟ್ಟೆಗೆ ಚೆಂಡು ಒತ್ತಬಹುದು, ತಾನೇ ಇಟ್ಟುಕೊಂಡು ಓಡಬಹುದು, ಅಥವಾ ಅಂಚಿನಲ್ಲಿ ಜೊತೆಗೆ ಓಡುತ್ತಿರುವವನ ಕಡೆ ಕೊನೇ ಕ್ಷಣದಲ್ಲಿ ಚಿಮ್ಮಿಸಬಹುದು. ಯಾವುದು ಅಂತ ಮೊದಲೇ ತೀರ್ಮಾನವಿಲ್ಲ. ಎದುರು ತಂಡದ ಒಬ್ಬನನ್ನು ಬೇಕೆಂದೇ ಯಾರೂ ತಡೆಯದೆ ಬಿಡುತ್ತಾರೆ. ಅವನು ಎತ್ತ ವಾಲುತ್ತಾನೋ ನೋಡಿ, ಚೆಂಡನ್ನು ಇನ್ನೊಂದು ಕಡೆ ಕಳಿಸುವುದು. ಕಬಡ್ಡಿಯಲ್ಲಿ ಜಾಣ ರೈಡರ್ ಒಂದು ಕಡೆ ಕಾಲು ತೋರಿಸಿ ಇನ್ನೊಂದು ಕಡೆ ಮುಟ್ಟುತ್ತಾನಲ್ಲ, ಅದನ್ನು ಮೂವರು ಸೇರಿ ಮಾಡಿದ ಹಾಗೆ.

ಇದರ ಸೊಗಸು ಏನೆಂದರೆ, ಮುನ್ನೂರು ಪೌಂಡಿನ ದೈತ್ಯನನ್ನು ನೀವು ತಳ್ಳಿ ಗೆಲ್ಲಬೇಕಾಗಿಲ್ಲ. ಅವನನ್ನು ತಡೆಯದೆಯೇ ಆಟದಿಂದ ಹೊರಗಿಟ್ಟಿರಿ. ಚಿಕ್ಕ ಆಳು, ಚುರುಕು ಆಳು, ಹೇಳಿದ್ದನ್ನು ನೂರು ಸಲ ತಪ್ಪಿಲ್ಲದೆ ಮಾಡುವ ಶಿಸ್ತಿನ ಆಳು ಇದ್ದರೆ ಸಾಕು. ಅಂಥವರು ಮಿಲಿಟರಿ ಅಕಾಡೆಮಿಯಲ್ಲಿ ಬೇಕಾದಷ್ಟು ಸಿಗುತ್ತಾರೆ! ಜೊತೆಗೆ ಹೆಚ್ಚಿನ ತಂಡಗಳು ಈ ಆಟ ಆಡುವುದಿಲ್ಲವಾದ್ದರಿಂದ ಎದುರಾಳಿಗೆ ಇದನ್ನು ತಡೆಯುವುದನ್ನು ಕಲಿಯಲು ಒಂದೇ ವಾರ ಸಮಯ.

ಆದರೂ 1998ರಲ್ಲಿ ದೊಡ್ಡವರ ತಲೆಯಲ್ಲಿ ಬೇರೆ ಯೋಚನೆ ಬಂತು. ಅಲ್ಲಿಯವರೆಗೆ ಯಾವ ಲೀಗಿಗೂ ಸೇರದೆ ಸ್ವತಂತ್ರವಾಗಿದ್ದ ತಂಡವನ್ನು ಕಾನ್ಫರೆನ್ಸ್ ಯುಎಸ್ಎ ಎಂಬ ಕೂಟಕ್ಕೆ ಸೇರಿಸಿದರು. ಲೂಯಿವಿಲ್, ಸದರ್ನ್ ಮಿಸಿಸಿಪ್ಪಿ, ಈಸ್ಟ್ ಕ್ಯಾರೊಲಿನಾ, ಆಮೇಲೆ ಟಿಸಿಯು. ವರ್ಷ ವರ್ಷವೂ ಅವರೇ ಎದುರಾಳಿಗಳಾದ್ದರಿಂದ ಆಪ್ಷನ್ ಆಟವೂ ಅವರಿಗೆ ಪರಿಚಯವಾಯಿತು. ಎರಡು ವರ್ಷ ಮೂರು ಮೂರೇ ಗೆಲುವು. 1999ರ ಸೀಸನ್ ಮುಗಿದ ಕೂಡಲೇ ಸಟನ್ ಅವರನ್ನು ಮನೆಗೆ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗಾಯಿತು. ಇಲಿನಾಯ್ ಸ್ಟೇಟ್‌ನಿಂದ ಟಾಡ್ ಬೆರ್ರಿ ಬಂದರು. ಆಪ್ಷನ್ ಹಳೆಯದಾಯಿತು, ಇನ್ನು ಚೆಂಡೆಸೆತದ ಆಧುನಿಕ ಆಟ ಎಂದರು.

ಯೋಚನೆ ಮಾಡಿ. ಚೆಂಡು ಎಸೆಯಬೇಕಾದರೆ ಎಸೆಯುವವನಿಗೆ ಮೂರು ನಾಲ್ಕು ಸೆಕೆಂಡು ನೆಮ್ಮದಿ ಬೇಕು. ಆ ನೆಮ್ಮದಿ ಕೊಡಬೇಕಾದವರು ಮುಂದಿನ ಸಾಲಿನ ದೈತ್ಯರು. ಓಡಿ ಹಿಡಿಯುವವರು ಜಿಂಕೆಯಂಥವರು ಇರಬೇಕು. ಅಂದರೆ ಅಕಾಡೆಮಿಗೆ ಯಾವ ಯಾವ ಹುಡುಗರು ಬರುವುದಿಲ್ಲವೋ ಸರಿಯಾಗಿ ಅವರನ್ನೇ ಬೇಡುವ ಆಟ! ಇದ್ದದ್ದೂ ಹೋಯಿತು ಮದ್ದಿನ ಗುಣದಿಂದ. 2000ದಲ್ಲಿ ಒಂದು ಗೆಲುವು, 2001ರಲ್ಲಿ ಮೂರು, 2002ರಲ್ಲಿ ಮತ್ತೆ ಒಂದು. ಆ ವರ್ಷದ ಕೊನೆಗೆ ನಮ್ಮ ನ್ಯೂಜೆರ್ಸಿಯ ಜಯಂಟ್ಸ್ ಸ್ಟೇಡಿಯಂನಲ್ಲೇ ನೇವಿ 58-12ರಲ್ಲಿ ಚಚ್ಚಿ ಹಾಕಿತು.

2003ರ ಸೆಪ್ಟೆಂಬರ್ ಮೊದಲ ವಾರ ಕನೆಕ್ಟಿಕಟ್ ತಂಡ ಮಿಕಿ ಸ್ಟೇಡಿಯಂಗೆ ಬಂದು 48-21ರಲ್ಲಿ ಗೆದ್ದು ಹೋಯಿತು. ಆಮೇಲೆ ರಟ್ಗರ್ಸ್. ಮುಂದೆ ಟುಲೇನ್ ವಿರುದ್ಧ 33 ಪಾಯಿಂಟ್ ಗಳಿಸಿಯೂ ಸೋಲು, ಯಾಕೆಂದರೆ ಅವರು 50 ಗಳಿಸಿದ್ದರು. ಬೆನ್ನ ಹಿಂದೆಯೇ ಸೌತ್ ಫ್ಲಾರಿಡಾ ಮತ್ತು ಟಿಸಿಯು ಎದುರು ಎರಡು ವಾರ ಒಂದೂ ಪಾಯಿಂಟ್ ಇಲ್ಲ. ಲೂಯಿವಿಲ್ ಎದುರು ಆರನೇ ಸೋಲಾದ ಮೇಲೆ ಅಕ್ಟೋಬರ್ ಮಧ್ಯದಲ್ಲಿ ಬೆರ್ರಿ ಅವರನ್ನು ತೆಗೆದರು. ಅವರ ಒಟ್ಟು ಲೆಕ್ಕ ಐದು ಗೆಲುವು, ಮೂವತ್ತೈದು ಸೋಲು. ರಕ್ಷಣಾ ವಿಭಾಗ ನೋಡಿಕೊಳ್ಳುತ್ತಿದ್ದ ಜಾನ್ ಮಮ್‌ಫರ್ಡ್ ತಾತ್ಕಾಲಿಕವಾಗಿ ಚುಕ್ಕಾಣಿ ಹಿಡಿದರು. ಮುಳುಗುತ್ತಿರುವ ಹಡಗು ಅನ್ನಬಾರದು, ಅದು ನೇವಿಯವರ ಮಾತಾಗುತ್ತದೆ.

ಹೊಸ ಕೋಚ್ ಬಂದ ವಾರವೇ ಈಸ್ಟ್ ಕ್ಯಾರೊಲಿನಾ ಎದುರು ಪಂದ್ಯ. ಅವರೂ ಅಲ್ಲಿಯವರೆಗೆ ಒಂದೂ ಗೆದ್ದಿರಲಿಲ್ಲ. ಇಬ್ಬರಲ್ಲಿ ಒಬ್ಬರು ಗೆಲ್ಲಲೇಬೇಕಿತ್ತಲ್ಲ. 38-32, ಈಸ್ಟ್ ಕ್ಯಾರೊಲಿನಾ ಗೆದ್ದಿತು. ಆ ವರ್ಷ ಅವರು ಗೆದ್ದದ್ದು ಅದೊಂದೇ ಪಂದ್ಯ! ಮುಂದಿನ ವಾರ ಸಿನ್ಸಿನಾಟಿ ಎದುರು 33-29. ನನ್ನ ಪ್ರಕಾರ ಇಡೀ ಸೀಸನ್ನಿನಲ್ಲಿ ಅತಿ ನೋವಿನವು ಈ ಎರಡು ಪಂದ್ಯಗಳು. ಮೂವತ್ತು ನಲವತ್ತು ಪಾಯಿಂಟಿನಲ್ಲಿ ಸೋತಾಗ ಮನಸ್ಸು ಒಂಥರಾ ಮರಗಟ್ಟುತ್ತದೆ. ಆರು ಪಾಯಿಂಟು, ನಾಲ್ಕು ಪಾಯಿಂಟಿನಲ್ಲಿ ಸೋತರೆ ರಾತ್ರಿ ನಿದ್ದೆ ಬರುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಏರ್ ಫೋರ್ಸ್, ಯುಎಬಿ, ಹ್ಯೂಸ್ಟನ್ ಮೂವರೂ ಗೆದ್ದರು. ನವೆಂಬರ್ ಕೊನೆಯಲ್ಲಿ ಹವಾಯಿಗೆ ಪ್ರಯಾಣ, ಅಲ್ಲಿ 59-28. ಅಂದಹಾಗೆ, ಹದಿಮೂರು ಪಂದ್ಯ ಆಗಿದ್ದೂ ಈ ಹವಾಯಿಯಿಂದಲೇ. ಅಷ್ಟು ದೂರ ಹೋಗಿ ಆಡುವ ತಂಡಕ್ಕೆ ಒಂದು ಪಂದ್ಯ ಹೆಚ್ಚಿಗೆ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಬೇರೆಯವರಿಗೆ ಅದು ಬಹುಮಾನ, ಇವರಿಗೆ ಗಾಯದ ಮೇಲೆ ಬರೆ.

ಇಷ್ಟೆಲ್ಲ ಆಗುತ್ತಿದ್ದಾಗ ಸ್ಟೇಡಿಯಂ ಖಾಲಿ ಇತ್ತೆಂದು ತಿಳಿಯಬೇಡಿ. ವೆಸ್ಟ್ ಪಾಯಿಂಟಿನಲ್ಲಿ ಸ್ವಂತ ಮೈದಾನದ ಪಂದ್ಯವೆಂದರೆ ಕೆಡೆಟ್‌ಗಳ ಇಡೀ ದಂಡು, ನಾಲ್ಕು ಸಾವಿರ ಮಂದಿ, ಸಮವಸ್ತ್ರದಲ್ಲಿ ಬರಬೇಕು. ಬಂದು ಕೂರುವುದಲ್ಲ, ಆಟ ಮುಗಿಯುವವರೆಗೆ ನಿಂತೇ ಇರಬೇಕು. ತಮ್ಮ ತಂಡ ಪಾಯಿಂಟ್ ಗಳಿಸಿದಾಗಲೆಲ್ಲ ಕೆಲವು ಕೆಡೆಟ್‌ಗಳು ಮೈದಾನದ ಅಂಚಿನಲ್ಲಿ ಅಷ್ಟು ಪುಷ್‌ಅಪ್ ತೆಗೆಯುವ ಸಂಪ್ರದಾಯ. ಆ ವರ್ಷ ಅವರ ತೋಳಿಗೆ ಹೆಚ್ಚು ದಣಿವಾಗಿರಲಿಕ್ಕಿಲ್ಲ. ಪಂದ್ಯ ಮುಗಿದ ಮೇಲೆ ತಂಡ ಅವರ ಎದುರು ಬಂದು ನಿಂತು ಅಕಾಡೆಮಿಯ ಗೀತೆ ಹಾಡುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಕಡೆ ಸಿಗುತ್ತಾರೆ. ಸೋತ ತಂಡದ ಎದುರು ಹೀಗೆ ನಿಂತು ಹಾಡಬೇಕಾದ ಜಾಗಗಳು ಬಹಳ ಕಮ್ಮಿ.

ಕೊನೆಯ ಪಂದ್ಯ ಡಿಸೆಂಬರ್ 6, ಫಿಲಡೆಲ್ಫಿಯಾದಲ್ಲಿ. ಆಗಷ್ಟೇ ಶುರುವಾಗಿದ್ದ ಲಿಂಕನ್ ಫೈನಾನ್ಷಿಯಲ್ ಫೀಲ್ಡ್. ಆರ್ಮಿ-ನೇವಿ ಪಂದ್ಯಗಳ ಸಾಲಿನಲ್ಲಿ 104ನೆಯದು. ಆ ವಾರಾಂತ್ಯ ಈಶಾನ್ಯ ರಾಜ್ಯಗಳಲ್ಲೆಲ್ಲ ಭಾರಿ ಹಿಮ ಬಿದ್ದದ್ದು ಆಗ ಇಲ್ಲಿದ್ದವರಿಗೆ ನೆನಪಿರಬಹುದು, ಬೆನ್ನಿಗಂತೂ ನೆನಪಿರುತ್ತದೆ. ವರ್ಷವಿಡೀ ಸೋತರೂ ಈ ಒಂದು ಪಂದ್ಯ ಗೆದ್ದರೆ ಅಕಾಡೆಮಿಯಲ್ಲಿ ಎಲ್ಲ ಮಾಫಿ. ಅಷ್ಟರ ಮಟ್ಟಿಗೆ ಅದು ಹಬ್ಬ. "ನೇವಿಯನ್ನು ಸೋಲಿಸು" ಎಂದು ಗೋಡೆ, ಛಾವಣಿ, ಬೋರ್ಡು ಎಲ್ಲೆಂದರಲ್ಲಿ ಬರೆದಿರುತ್ತದೆ. ಸ್ಕೋರು: ನೇವಿ 34, ಆರ್ಮಿ 6.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಒಟ್ಟಿಗೆ ಹೋಗಿ ಮೊದಲು ಸೋತವರ ಕೆಡೆಟ್‌ಗಳ ಎದುರು ನಿಂತು ಅವರ ಅಕಾಡೆಮಿಯ ಗೀತೆ ಹಾಡುತ್ತಾರೆ, ಆಮೇಲೆ ಗೆದ್ದವರ ಎದುರು. ಹಾಗಾಗಿ ಎರಡೂ ಕಡೆ ಗೆಲುವಿಗೆ ಇನ್ನೊಂದು ಹೆಸರೇ "ಎರಡನೆಯದಾಗಿ ಹಾಡುವುದು". ಆ ದಿನ ಮೊದಲು ಹಾಡಿದ್ದು ವೆಸ್ಟ್ ಪಾಯಿಂಟ್ ಹುಡುಗರ ಗೀತೆ. ಒಂದು ವಾರ ಕಳೆದು, ಡಿಸೆಂಬರ್ 13ರಂದು, ಇರಾಕಿನಲ್ಲಿ ಸದ್ದಾಂ ಹುಸೇನ್ ಸಿಕ್ಕಿಬಿದ್ದ. ಪತ್ರಿಕೆಗಳಲ್ಲಿ ಫುಟ್‌ಬಾಲಿಗೆ ಜಾಗವೇ ಇರಲಿಲ್ಲ. ಅದೊಂದು ರೀತಿಯಲ್ಲಿ ಒಳ್ಳೆಯದೇ ಆಯಿತೇನೋ.

ಈಗ ನನ್ನ ತಕರಾರಿಗೆ ಬರುತ್ತೇನೆ. ಆಗಲೂ ಆಮೇಲೂ ಬಹಳ ಜನ ಹೇಳಿದ ಮಾತೊಂದಿದೆ: "ಪಾಪ, ಯುದ್ಧಕ್ಕೆ ಹೋಗುವ ಹುಡುಗರು, ಅವರು ಸೋತರೇನು ಗೆದ್ದರೇನು?" ಕೇಳಲು ಹಿತವಾಗಿದೆ. ಇನ್ನೊಂದು ಮಾತು: "ದೇಶ ಯುದ್ಧದಲ್ಲಿದ್ದಾಗ ಯಾವ ಹುಡುಗ ಅಲ್ಲಿಗೆ ಬರುತ್ತಾನೆ, ಸೋಲದೆ ಇನ್ನೇನು?" ಎರಡೂ ಸರಿಯಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ನೇವಿಯನ್ನು ನೋಡಿ. ಅದೂ ಮಿಲಿಟರಿ ಅಕಾಡೆಮಿ. ಅಲ್ಲೂ ಐದು ವರ್ಷ ಸೇವೆ, ಅಲ್ಲೂ ತೂಕದ ಲೆಕ್ಕ, ಅಲ್ಲೂ ಕಷ್ಟದ ಓದು. ಅಲ್ಲಿ ಓದಿದವರೂ ಮರೀನ್ ಪಡೆಗೆ ಸೇರಿ ಅದೇ ಇರಾಕಿಗೆ ಹೋದರು. 2001ರಲ್ಲಿ ಆ ತಂಡ ಹತ್ತಕ್ಕೆ ಹತ್ತೂ ಸೋತಿತ್ತು. ಹತ್ತನೆಯ ಸೋಲು ಕೊಟ್ಟವರು ಇದೇ ವೆಸ್ಟ್ ಪಾಯಿಂಟ್‌ನವರು, 26-17ರಲ್ಲಿ. ಆಮೇಲೆ ಪಾಲ್ ಜಾನ್ಸನ್ ಎಂಬ ಕೋಚ್ ಬಂದರು. ಅವರು ಆಡಿಸಿದ್ದು ಅದೇ ಹಳೆಯ ಟ್ರಿಪಲ್ ಆಪ್ಷನ್! 2002ರಲ್ಲಿ ಎರಡು ಗೆಲುವು, 2003ರಲ್ಲಿ ಎಂಟು, 2004ರಲ್ಲಿ ಹತ್ತು. ವೆಸ್ಟ್ ಪಾಯಿಂಟ್ ಹಳೆಯದೆಂದು ಅಟ್ಟಕ್ಕೆ ಹಾಕಿದ ಪಾತ್ರೆಯಲ್ಲೇ ನೇವಿ ಅಡುಗೆ ಮಾಡಿ ಉಂಡಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವ ಹುಡುಗರು ಹಾಗೆ ಹೇಳಲಿಲ್ಲ, ಕುಣಿಸಿದವರ ಪರವಾಗಿ ಬೇರೆಯವರು ಹೇಳಿದರು. ಯುದ್ಧದ ನೆಪ ಒಡ್ಡಿ ಸೋಲನ್ನು ಪವಿತ್ರ ಮಾಡಿಬಿಟ್ಟರೆ, ತಪ್ಪು ತೀರ್ಮಾನ ತೆಗೆದುಕೊಂಡ ದೊಡ್ಡವರು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ. ಅದರ ಬೆಲೆ ತೆತ್ತವರು ಪ್ರತಿ ಶನಿವಾರ ಮೈದಾನಕ್ಕಿಳಿದ ಹುಡುಗರು. ಬೆರ್ರಿ ಒಬ್ಬರನ್ನೇ ದೂರುವುದೂ ಸರಿಯಲ್ಲ. ಅವರು ಚೆಂಡೆಸೆತದ ಕೋಚ್ ಎಂದು ಗೊತ್ತಿದ್ದೇ ಕರೆತಂದರು. ಆ ಕಾನ್ಫರೆನ್ಸಿಗೆ ಸೇರಿಸಿದ್ದೂ ಅವರಲ್ಲ. 1998ರಿಂದ 2004ರವರೆಗೆ ಅಲ್ಲಿದ್ದ ಏಳು ಸೀಸನ್‌ಗಳಲ್ಲಿ ತಂಡದ ಒಟ್ಟು ಲೆಕ್ಕ 13 ಗೆಲುವು, 67 ಸೋಲು.

ನಮ್ಮಲ್ಲಿ ಮಕ್ಕಳ ಸಾಕರ್ ತಂಡ ಮೂರು ವಾರ ಸೋತರೆ ಸಾಕು, "ಬಿಡು ಮರಿ, ಆ ಹೊತ್ತಿಗೆ ಮ್ಯಾಥ್ ಕ್ಲಾಸಿಗೆ ಹೋಗು" ಅನ್ನುವ ಅಪ್ಪಂದಿರಿದ್ದಾರೆ. ಹೆಸರು ಹೇಳುವುದಿಲ್ಲ, ಈ ಪತ್ರ ಅವರಿಗೂ ಹೋಗುತ್ತದೆ! ಆದರೆ ಸೋಮವಾರ ಬೆಳಿಗ್ಗೆ ಎದ್ದು ಸಾಲಿನಲ್ಲಿ ನಿಂತು, ತರಗತಿಗೆ ಹೋಗಿ, ಮಧ್ಯಾಹ್ನದ ಮೇಲೆ ಮತ್ತೆ ಅದೇ ಮೈದಾನಕ್ಕೆ ಹೋಗಿ, ಶನಿವಾರ ಮತ್ತೆ ಸೋತು, ಹೀಗೆ ಹದಿಮೂರು ಸಲ. ಬಿಟ್ಟು ಹೋಗಲು ಅವಕಾಶವೂ ಇತ್ತು. ಅಕಾಡೆಮಿಯಲ್ಲಿ ಮೂರನೇ ವರ್ಷದ ತರಗತಿಗಳು ಶುರುವಾಗುವವರೆಗೆ ಸೇವೆಯ ಕರಾರಿಲ್ಲದೆ ಹೊರಗೆ ಹೋಗಬಹುದು. ಆ ಸೀಸನ್ನಿನ ಕೊನೇ ವರ್ಷದ ಹುಡುಗರು ಸೇರಿದ್ದು 2000ದ ಬೇಸಿಗೆಯಲ್ಲಿ, ಶಾಂತಿಯ ಕಾಲದಲ್ಲಿ. ಎರಡನೇ ವರ್ಷ ಶುರುವಾಗಿ ಕೆಲವೇ ವಾರಕ್ಕೆ ಸೆಪ್ಟೆಂಬರ್ 11 ಆಯಿತು, ಅವರ ಅಕಾಡೆಮಿಯಿಂದ ಐವತ್ತು ಮೈಲಿ ದೂರದಲ್ಲಿ. ಅದಾದ ಮೇಲೆ ಇನ್ನೂ ಒಂದು ವರ್ಷದ ಹತ್ತಿರ ಅವರಿಗೆ ಬಾಗಿಲು ತೆರೆದೇ ಇತ್ತು. ಉಳಿದವರು ಉಳಿದರು. 2004ರ ಮೇ ತಿಂಗಳಲ್ಲಿ ಪದವಿ ಪಡೆದು ಸೆಕೆಂಡ್ ಲೆಫ್ಟಿನೆಂಟ್‌ಗಳಾದರು. ಸ್ಕೋರ್‌ಬೋರ್ಡಿನಲ್ಲಿ ಬರದ ಲೆಕ್ಕ ಇದು. ಇದನ್ನು ಹೊಗಳುವುದಕ್ಕೆ ಆ ಹದಿಮೂರು ಸೋಲನ್ನು ಸಣ್ಣದು ಮಾಡಬೇಕಾಗಿಲ್ಲ.

ಆಮೇಲೇನಾಯಿತು ಎಂದು ಕೇಳುತ್ತೀರಿ. 2003ರ ಡಿಸೆಂಬರಿನಲ್ಲೇ ಬಾಬಿ ರಾಸ್ ಎಂಬ ಹಿರಿಯರನ್ನು ಕೋಚ್ ಆಗಿ ಕರೆತಂದರು. ಜಾರ್ಜಿಯಾ ಟೆಕ್‌ಗೆ 1990ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದವರು, ಸ್ಯಾನ್ ಡಿಯಾಗೋ ಚಾರ್ಜರ್ಸ್ ತಂಡವನ್ನು ಸೂಪರ್ ಬೌಲ್‌ವರೆಗೆ ಒಯ್ದವರು. ವಯಸ್ಸು ಅರವತ್ತೇಳರ ಹತ್ತಿರ. ಮನೆಯಲ್ಲಿ ಆರಾಮವಾಗಿ ಕೂರಬಹುದಿತ್ತು. ಅವರು ಬಂದ ಮೇಲೂ ಮೊದಲ ನಾಲ್ಕು ಪಂದ್ಯ ಸೋಲೇ. ಹಿಂದಿನದೂ ಸೇರಿ ಸತತ ಹತ್ತೊಂಬತ್ತು. 2004ರ ಅಕ್ಟೋಬರ್ 9ರಂದು ಮಿಕಿ ಸ್ಟೇಡಿಯಂಗೆ ಸಿನ್ಸಿನಾಟಿ ಬಂತು. ಹಿಂದಿನ ವರ್ಷ ಇದೇ ತಂಡದ ಎದುರು 29 ಪಾಯಿಂಟ್ ಗಳಿಸಿ ಸೋತಿದ್ದರು. ಈ ಸಲ ಆ 29 ಸಿನ್ಸಿನಾಟಿಯ ಪಾಲಿಗೆ ಬಂತು, ಆರ್ಮಿಯದು 48. ಮರುವಾರ ಸೌತ್ ಫ್ಲಾರಿಡಾವನ್ನೂ ಸೋಲಿಸಿದರು. 2005ರಿಂದ ಆ ಕಾನ್ಫರೆನ್ಸೂ ಬಿಟ್ಟರು.

ಹಾಗಂತ ಎಲ್ಲ ಸರಿಹೋಯಿತೆಂದಲ್ಲ. ರಾಸ್ ಮೂರು ಸೀಸನ್ ನಡೆಸಿ ನಿವೃತ್ತರಾದರು. 2009ರಲ್ಲಿ ಬಂದ ರಿಚ್ ಎಲ್ಲರ್ಸನ್ ಆಪ್ಷನ್ ಆಟವನ್ನೇ ನೆಚ್ಚಿಕೊಂಡರು, 2010ರಲ್ಲಿ ತಂಡ ಒಂದು ಬೌಲ್ ಪಂದ್ಯವನ್ನೂ ಗೆದ್ದಿತು. ಆದರೂ ನೇವಿಯ ಎದುರು 2002ರಿಂದ 2015ರವರೆಗೆ ಹದಿನಾಲ್ಕು ವರ್ಷ ಒಂದೇ ಸಮನೆ ಸೋಲು. ನಾಲ್ಕು ವರ್ಷದ ಓದಿನಲ್ಲಿ ನೇವಿಯನ್ನು ಒಮ್ಮೆಯೂ ಸೋಲಿಸದೆ ಹೊರಬಿದ್ದ ಬ್ಯಾಚುಗಳು ಎಷ್ಟೋ. 2014ರಲ್ಲಿ ಜೆಫ್ ಮಾಂಕನ್ ಬಂದರು. ಇವರು ನೇವಿಯಲ್ಲಿ ಅದೇ ಪಾಲ್ ಜಾನ್ಸನ್ ಕೈಕೆಳಗೆ ಪಳಗಿದವರು! 2016ರ ಡಿಸೆಂಬರಿನಲ್ಲಿ ಬಾಲ್ಟಿಮೋರ್‌ನಲ್ಲಿ 21-17ರಲ್ಲಿ ಕೊನೆಗೂ ಗೆದ್ದು, ಎರಡನೆಯದಾಗಿ ಹಾಡಿದರು. 2018ರಲ್ಲಿ ಹನ್ನೊಂದು ಗೆಲುವು. ಆ ವರ್ಷ ಓಕ್ಲಹೋಮಾದಂಥ ತಂಡವನ್ನು ಅವರದೇ ಮೈದಾನದಲ್ಲಿ ಹೆಚ್ಚುವರಿ ಸಮಯದವರೆಗೆ ಎಳೆದು 28-21ರಲ್ಲಷ್ಟೇ ಸೋತಿತು.

2024ರಲ್ಲಿ ಮತ್ತೆ ಒಂದು ಕಾನ್ಫರೆನ್ಸಿಗೆ ಸೇರಿದರು, ಈ ಸಲ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್. ಹಳೆಯದನ್ನು ನೆನೆದು ಹುಬ್ಬೇರಿಸಿದವರಲ್ಲಿ ನಾನೂ ಒಬ್ಬ. ಮೊದಲ ವರ್ಷವೇ ಕಿರೀಟ ಗೆದ್ದರು. ಅಂತಿಮ ಪಂದ್ಯ ಮಿಕಿ ಸ್ಟೇಡಿಯಂನಲ್ಲಿ, 2003ರಲ್ಲಿ ಐವತ್ತು ಪಾಯಿಂಟ್ ಬಾರಿಸಿದ್ದ ಅದೇ ಟುಲೇನ್ ಎದುರು, 35-14. ತಾರೀಖು ಡಿಸೆಂಬರ್ 6, ಫಿಲಡೆಲ್ಫಿಯಾದ ಹದಿಮೂರನೇ ಸೋಲಿಗೆ ಸರಿಯಾಗಿ ಇಪ್ಪತ್ತೊಂದು ವರ್ಷ. ಒಟ್ಟು ಹನ್ನೆರಡು ಗೆಲುವಿನೊಂದಿಗೆ ಸೀಸನ್ ಮುಗಿಸಿ ಅಕಾಡೆಮಿಯ ದಾಖಲೆ ಮಾಡಿದರು. ನಡುವೆ ಡಿಸೆಂಬರ್ 14ರಂದು ನೇವಿಯ ಎದುರು ಆಡಿದರಲ್ಲ, ಅದರಲ್ಲಿ ಮಾತ್ರ 31-13ರಲ್ಲಿ ಸೋತರು. ಮೊದಲು ಹಾಡಿದರು.